ಹಾಲುಂಟು, ಮಾರಾಟಕ್ಕಿಲ್ಲ

ನಾಗರಪಂಚಮಿಯ ಹಿಂದಿನ ಸಂಜೆ ಮೊಳಕಾಲ್ಮೂರು ಪೇಟೆಯಲ್ಲಿ ಅರ್ಧ ಲೀಟರ್ ಹಸಿ ಹಾಲು ಬೇಕೆಂದು ಹೊರಟು ನೋಡಿ. ರೇಷ್ಮೆ ಸೀರೆ ಅಂಗಡಿಗಳನ್ನು ದಾಟುವಷ್ಟರಲ್ಲಿ ನಂದಿನಿ ಬೂತು ಸಿಗುತ್ತದೆ, ನೀಲಿ ಪ್ಯಾಕೆಟ್ಟು ಬೇಕಾದಷ್ಟಿರುತ್ತದೆ. ಆದರೆ ಹುತ್ತಕ್ಕೆ ಎರೆಯುವ ಹಾಲು ಒಲೆ ಕಂಡಿರಬಾರದು ಎಂದು ಮನೆಯ ಹಿರಿಯರ ಪಟ್ಟು. ಪ್ಯಾಕೆಟ್ಟಿನದೋ, ಡೈರಿಯ ಯಂತ್ರದೊಳಗೆ 72 ಡಿಗ್ರಿ ಶಾಖದಲ್ಲಿ 15 ಸೆಕೆಂಡು ಹಾದು, ತಣ್ಣಗಾಗಿ ಬಂದದ್ದು. ನಾಗಪ್ಪನಿಗೆ ಅದು ನಡೆಯುತ್ತದೋ ಇಲ್ಲವೋ, ಅಜ್ಜಿಗಂತೂ ನಡೆಯುವುದಿಲ್ಲ. ಹಾಗಾಗಿ ತಂಬಿಗೆ ಹಿಡಿದು ಹಟ್ಟಿಯ ಕಡೆ ನಡೆಯಬೇಕು. ಅಲ್ಲಿ ದನಗಳಿವೆ, ಒಂದೆರಡಲ್ಲ, ಹಿಂಡು ಹಿಂಡು. ಕೇಳಿದರೆ, 'ಇವು ದೇವರ ದನ ಕಣಪ್ಪ, ಹಾಲು ಮಾರಂಗಿಲ್ಲ' ಎಂಬ ಉತ್ತರ. ಪಕ್ಕದ ಓಣಿಗೆ ಹೋದರೆ ಸೀಮೆಹಸು ಕಟ್ಟಿದ ಮನೆಯಾಕೆ, 'ಈಗ್ಲೇ ಡೈರಿಗಾಕಿ ಬಂದ್ನಲ್ಲಣ್ಣ, ನಾಳೆ ಬೆಳಿಗ್ಗೆ ಬೇಗ ಬಾ' ಎನ್ನುತ್ತಾಳೆ.

ದೇವರ ದನದ ಹಾಲು ಮಾರುವ ಹಾಗಿಲ್ಲ, ಮಾರುವ ದನದ ಹಾಲು ಉಳಿದಿಲ್ಲ. ನಡುವೆ ದಿಲ್ಲಿಯ ಒಂದು ಕಾಯ್ದೆಯೂ ಇದೆ, ಅದು ಇದೆಯೆಂದು ಹೆಚ್ಚಿನವರಿಗೆ ಗೊತ್ತಿಲ್ಲ. ದನ ಕಾಯುವುದೇ ಬದುಕಾಗಿದ್ದ ಸೀಮೆಯಲ್ಲಿ ಅರ್ಧ ಲೀಟರ್ ಹಸಿ ಹಾಲು ಸಿಗುವುದು ಇಷ್ಟು ಕಷ್ಟ ಏಕಾಯಿತು ಎಂದು ಹುಡುಕಿಕೊಂಡು ಹೋದರೆ ಹಟ್ಟಿ, ಅರಮನೆ, ಡೈರಿ, ಎಣ್ಣೆ ಮಿಲ್ಲು ಎಲ್ಲವೂ ಎದುರಾಗುತ್ತವೆ.

ಮೊದಲಿಗೆ, ಹಸಿ ಹಾಲಿನ ಗಿರಾಕಿ ಯಾರು? ನಮ್ಮ ಕಡೆ ಕುಡಿಯುವವರಿಗಿಂತ ಎರೆಯುವವರೇ ಹೆಚ್ಚು. ಪಂಚಮಿಗೆ ಹುತ್ತಕ್ಕೆ, ಶ್ರಾವಣ ಸೋಮವಾರ ಲಿಂಗಕ್ಕೆ, ಹೊಸ ಮನೆಯಲ್ಲಿ ಉಕ್ಕಿಸುವುದಕ್ಕೆ, ಯಾರಾದರೂ ತೀರಿಕೊಂಡರೆ ಮೂರನೇ ದಿನ ಮಣ್ಣಿನ ಮೇಲೆ ಬಿಡುವ ಹಾಲುತುಪ್ಪಕ್ಕೆ. ಇದರ ಜೊತೆಗೆ ಕಾಮಾಲೆ ಬಂದವರಿಗೆ ನೆಲನೆಲ್ಲಿ ಅರೆದು ಹಸಿ ಹಾಲಿನಲ್ಲಿ ಕದಡಿ ಕೊಡುವ ನಾಟಿ ವೈದ್ಯರಿದ್ದಾರೆ. ಕೂಸಿಗೆ ಮೇಕೆ ಹಾಲೇ ಆಗಬೇಕೆನ್ನುವ ಅಜ್ಜಿಯರಿದ್ದಾರೆ. ಹಸು ಈದ ಸುದ್ದಿ ಕಿವಿಗೆ ಬಿದ್ದೊಡನೆ ಗಿಣ್ಣಿನ ಆಸೆಗೆ ಪಾತ್ರೆ ಕಳಿಸುವವರಿದ್ದಾರೆ. ಗಿಣ್ಣು ಹಾಲನ್ನು ಡೈರಿ ಮುಟ್ಟುವುದಿಲ್ಲ, ಕಾಯಿಸಿದರೆ ಗಟ್ಟಿಯಾಗುವ ಹಾಲು ಡೈರಿಯ ಯಂತ್ರಕ್ಕೆ ಆಗಿಬರುವುದಿಲ್ಲ. ಅದು ಇಂದಿಗೂ ನೆರೆಹೊರೆಯಲ್ಲೇ ಹಂಚಿಹೋಗುವ ಹಾಲು. ಗಿಣ್ಣಿಗೆ ದುಡ್ಡು ಕೇಳಿದರೆ ಊರು ಆಡಿಕೊಳ್ಳುತ್ತದೆ. ಇತ್ತೀಚೆಗೆ ಇನ್ನೊಂದು ಬಗೆಯ ಗಿರಾಕಿಯೂ ಹುಟ್ಟಿಕೊಂಡಿದ್ದಾನೆ. ಬೆಂಗಳೂರಿನಿಂದ ರಜೆಗೆ ಬಂದವನು, 'ಎ2 ಹಾಲು' ಎಂದು ಮೊಬೈಲಿನಲ್ಲಿ ಓದಿಕೊಂಡವನು, ನಾಟಿ ಹಸುವಿನ ನೊರೆಹಾಲನ್ನು ಹಾಗೆಯೇ ಕುಡಿಯಬೇಕೆನ್ನುವವನು. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಚಳ್ಳಕೆರೆ ಮತ್ತು ಮೊಳಕಾಲ್ಮೂರು ಕರ್ನಾಟಕದ ನೆತ್ತಿ ಒಣಗಿದ ಭಾಗ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಾಗ ಎಂದು ಶಾಲೆಯ ಭೂಗೋಳದಲ್ಲಿ ಬಾಯಿಪಾಠ ಮಾಡಿಸುವ ನಾಯಕನಹಟ್ಟಿ ಚಳ್ಳಕೆರೆ ತಾಲ್ಲೂಕಿನದೇ. ಅದೇ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಸತ್ತ ಎಮ್ಮೆಯನ್ನು ಎಬ್ಬಿಸಿ ಹಾಲು ಕರೆಸಿದನೆಂಬ ಪವಾಡವನ್ನು ಜನ ಇವತ್ತಿಗೂ ಹೇಳುತ್ತಾರೆ. ನೀರಿಲ್ಲದ ಸೀಮೆಯ ದೇವರಿಗೆ ತಕ್ಕ ಪವಾಡ. ಬೇಸಾಯ ನಂಬಿ ಬದುಕಲಾಗದ ನೆಲದಲ್ಲಿ ಜನ ದನ, ಕುರಿ, ಮೇಕೆ ನಂಬಿದರು. ಈ ನಂಬಿಕೆ ನಿನ್ನೆ ಮೊನ್ನೆಯದಲ್ಲ. ಪಕ್ಕದ ಬಳ್ಳಾರಿ ಜಿಲ್ಲೆಯ ಕುಡತಿನಿಯಲ್ಲಿ ನವಶಿಲಾಯುಗದ ದನಗಾಹಿಗಳು ಸಗಣಿ ಗುಡ್ಡೆ ಹಾಕಿ ಸುಟ್ಟ ಬೂದಿದಿಬ್ಬ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗಲೂ ಆ ಕಾಲದ ನೆಲೆ ಸಿಕ್ಕಿತು. ಅದೇ ಬೆಟ್ಟದ ಅಶೋಕನ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದರು. ತಂದೆತಾಯಿಗಳ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆಯಿಡಿ ಎಂದು ಅದು ಹೇಳುತ್ತದೆ. ಹೇಳಿಸಿಕೊಳ್ಳುವ ಮೊದಲೇ ಇಲ್ಲಿಯ ಜನ ಆ ಕೆಲಸದಲ್ಲಿದ್ದರು ಎಂದು ನನಗನ್ನಿಸುತ್ತದೆ.

ಮ್ಯಾಸಬೇಡರ ಹಟ್ಟಿಗಳಲ್ಲಿ ಈ ದಯೆ ಕಟ್ಟಳೆಯೇ ಆಗಿದೆ. ಮ್ಯಾಸನಾಯಕರೆಂದೂ ಕರೆಯುವ ಈ ಸಮುದಾಯ ಕಟ್ಟೆಮನೆಗಳ ಅಡಿಯಲ್ಲಿ ಹಂಚಿಹೋಗಿದೆ. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದ ಕಟ್ಟೆಮನೆಯ ಹೆಸರು ಎಲ್ಲರಿಗೂ ಗೊತ್ತು. ಬೊಮ್ಮದೇವರು, ಬೋರೇದೇವರು, ಓಬಳದೇವರು ಎಂದು ಒಂದೊಂದು ಬೆಡಗಿಗೆ ಒಂದೊಂದು ದೇವರು, ಆ ದೇವರ ಹೆಸರಲ್ಲಿ ದನದ ಹಿಂಡು. ಇವೇ ದೇವರ ಎತ್ತುಗಳು. ಹಿಂಡಿನ ಹಿಂದೆ ಹೋಗುವವನು ಕಿಲಾರಿ. ಹಗಲಿಡೀ ಅಡವಿ, ಇರುಳಿಗೆ ರೊಪ್ಪ, ಮಳೆಗಾಲ ಬೇಸಗೆಯೆಂದಿಲ್ಲ. ದೇವರ ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ, ಅದನ್ನು ಸಂತೆಗೆ ಹೊಡೆಯುವಂತಿಲ್ಲ, ಸತ್ತರೆ ಮನುಷ್ಯರನ್ನು ಕಳಿಸಿಕೊಟ್ಟ ಹಾಗೆ ಪೂಜೆ ಮಾಡಿ ಮಣ್ಣು ಮಾಡಬೇಕು. ಹಾಲಿನ ವಿಷಯವೂ ಹಾಗೆಯೇ. ಕರುವಿನ ಪಾಲು ಕರುವಿಗೆ, ಕರೆದದ್ದು ಏನಿದ್ದರೂ ಮೀಸಲು. ಕಟ್ಟುಪಾಡಿನ ವಿವರ ಹಟ್ಟಿಯಿಂದ ಹಟ್ಟಿಗೆ ಬೇರೆಯಾಗಬಹುದು, ಮಾರಾಟ ಮಾತ್ರ ಎಲ್ಲೂ ಇಲ್ಲ. ಕಾಡುಗೊಲ್ಲರ ಹಟ್ಟಿಗಳಲ್ಲೂ ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಎಂದು ದನಗಾಹಿ ವೀರರೇ ದೇವರು, ಮೀಸಲಿನ ಹಾಲಿಗೆ ಅಲ್ಲೂ ಕಟ್ಟುನಿಟ್ಟು.

ರೊಪ್ಪವನ್ನು ಹತ್ತಿರದಿಂದ ಕಂಡವರಿಗೆ ಹಾಲು ಮಾರಬಾರದೆಂಬ ಮಾತು ಬರೀ ಭಕ್ತಿಯದಲ್ಲ ಎಂದು ಹೊಳೆಯುತ್ತದೆ. ಕಳ್ಳೆಮುಳ್ಳು ಒತ್ತಿದ ಬೇಲಿ, ಒಳಗೆ ಮೊಣಕಾಲೆತ್ತರದ ಒಣ ಸಗಣಿ ಪುಡಿ. ಪಕ್ಕೆಲುಬು ಎಣಿಸಬಹುದಾದ ಹಸು ನಿಂತಿದೆ, ಕರು ಕೆಚ್ಚಲಿಗೆ ಡಿಕ್ಕಿ ಹೊಡೆದು ಹೊಡೆದು ಕುಡಿಯುತ್ತಿದೆ. ಹೊತ್ತಿಗೆ ಒಂದು ಲೀಟರ್ ಕೊಟ್ಟರೆ ಹೆಚ್ಚು ಎನ್ನುವ ತಳಿ ಇದು. ಅದರಲ್ಲಿ ಅರ್ಧ ಕರೆದು ಮಾರಿಬಿಟ್ಟರೆ ಕರು ಬದುಕುವುದಿಲ್ಲ, ಕರು ಬದುಕದಿದ್ದರೆ ಮುಂದಿನ ವರ್ಷ ಹಿಂಡೇ ಇಲ್ಲ. ಮಾರಬಾರದು ಎಂದು ದೇವರ ಬಾಯಲ್ಲಿ ಹೇಳಿಸಿದವರು ಲೆಕ್ಕ ಬಲ್ಲವರೇ. ಹಾಗೆಂದು ಕಟ್ಟುಪಾಡುಗಳನ್ನೆಲ್ಲ ಒಟ್ಟಿಗೆ ಹೊಗಳಿಬಿಡಲೂ ಆಗದು. ಮೀಸಲಿನ ಮಡಿಯ ಹೆಸರಿನಲ್ಲೇ ಮುಟ್ಟಾದ ಹೆಣ್ಣುಮಕ್ಕಳನ್ನು, ಹೆತ್ತ ಬಾಣಂತಿಯನ್ನು ಹಟ್ಟಿಯಾಚೆ ಇಡುವ ಪದ್ಧತಿ ಕೆಲವೆಡೆ ಇನ್ನೂ ಉಳಿದಿದೆ. ಕರುವಿಗೆ ತೋರಿದ ದಯೆ ಬಾಣಂತಿಗೆ ಸಿಗದಿದ್ದರೆ ಅದು ಯಾವ ಸೀಮೆಯ ಮಡಿ?

ದೇವರ ಎತ್ತುಗಳಿಗೆ ಈಗ ಕಷ್ಟ ಕಾಲ. ಬರ ಬಿದ್ದ ವರ್ಷ ಮೇವಿಗಾಗಿ ಕಿಲಾರಿಗಳು ತಹಶೀಲ್ದಾರ್ ಕಚೇರಿಗೆ ಎಡತಾಕುವುದು, ಗೋಶಾಲೆ ತೆರೆಯಿರಿ ಎಂದು ಮನವಿ ಕೊಡುವುದು ಪತ್ರಿಕೆಯ ಜಿಲ್ಲಾ ಪುಟದ ಮಾಮೂಲು ಸುದ್ದಿ. ಮೇವು ಇದ್ದದ್ದು ಕಾವಲುಗಳಲ್ಲಿ, ಅಂದರೆ ದನ ಮೇಯಲು ಮೀಸಲಾದ ಹುಲ್ಲುಗಾವಲುಗಳಲ್ಲಿ. ಕಾವಲಿನ ಕಥೆ ಹಾಲಿನಿಂದಲೇ ಶುರುವಾಗುತ್ತದೆ.

ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673ರಿಂದ 1704) ಅರಮನೆಗೆ ಹಾಲು ಬೆಣ್ಣೆ ಒದಗಿಸಲು 'ಬೆಣ್ಣೆ ಚಾವಡಿ' ಎಂಬ ಇಲಾಖೆ ನಡೆಸುತ್ತಿದ್ದರು. ಅದರ ದನ ಮೇಯಲೆಂದು ಅಲ್ಲಲ್ಲಿ ಕಾವಲು ಗುರುತಾದವು. ಟಿಪ್ಪು ಕಾಲಕ್ಕೆ ಅದು ಅಮೃತ ಮಹಲ್ ಆಯಿತು. ಹೆಸರು ಹಾಲಿನದು, ಹೆಸರಾದದ್ದು ಮಾತ್ರ ಎತ್ತು. ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ಸೇನೆ ನಡೆಸಿದ್ದು, ಫಿರಂಗಿ ಎಳೆದದ್ದು ಇವೇ ಎತ್ತುಗಳ ಬಲದಿಂದ ಎಂದು ಬ್ರಿಟಿಷರೇ ಬರೆದಿಟ್ಟರು. 1799ರ ನಂತರ ಹಿಂಡು ಅವರ ಕೈಗೆ ಹೋಯಿತು. 1860ರಲ್ಲಿ ಖರ್ಚು ಹೆಚ್ಚೆಂದು ಮಾರಿದರು, ಇಲ್ಲದೆ ಆಗುವುದಿಲ್ಲವೆಂದು ಕಂಡು 1866ರಲ್ಲಿ ಮತ್ತೆ ಕಟ್ಟಿದರು. ಅರಮನೆಯ ಬೆಣ್ಣೆ ಕರಗಿಹೋದ ಮೇಲೂ ಕಾವಲು ಉಳಿದವು. ಅರಮನೆಯ ದನದ ಜೊತೆ ಊರ ದನ, ದೇವರ ದನ, ಕುರುಬರ ಕುರಿ ಎಲ್ಲವೂ ಅಲ್ಲಿ ಮೇಯ್ದವು.

2007ರಿಂದ 2010ರವರೆಗಿನ ಅವಧಿಯಲ್ಲಿ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸಾವಿರಾರು ಎಕರೆ ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಗೋಡೆ ಎದ್ದಿತು. ಮೇಯಲು ಹೋದ ದನ ಗೋಡೆ ಮೂಸಿ ಹಿಂದಿರುಗಿದವು. ದೊಡ್ಡ ಉಳ್ಳಾರ್ತಿಯ ಜನ ಹೋರಾಡಿದರು, ವಿಷಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೂ ಏರಿತು. 2017ರ ಮೇ 28ರಂದು ವರವು ಕಾವಲಿನ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆ ರಾಕೆಟ್ ವಾಹನ ತಾನಾಗಿ ಇಳಿದದ್ದು ಇದೇ ನೆಲದ ಮೇಲೆ. ನಮ್ಮ ತಾಲ್ಲೂಕಿನ ಹೆಸರು ಜಗತ್ತಿನ ಸುದ್ದಿಯಲ್ಲಿ ಬಂತೆಂದು ಹೆಮ್ಮೆಯೂ ಆಯಿತು. ಆದರೆ ಹುಲ್ಲುಗಾವಲು ಹೋದರೆ ಹಾಲು ಹೋಗುತ್ತದೆ ಎಂಬುದಕ್ಕೆ ರಾಕೆಟ್ ವಿಜ್ಞಾನವೇನೂ ಬೇಕಿಲ್ಲ.

ಇನ್ನು ಡೈರಿಯ ಕಡೆ ಬರೋಣ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ಹೈನುಗಾರಿಕೆ ಅಭಿವೃದ್ಧಿ ನಿಗಮ ಶುರುವಾಗಿ, 1984ರಲ್ಲಿ ಕೆಎಂಎಫ್ ಆಯಿತು. ನಮ್ಮ ಜಿಲ್ಲೆಯ ಹಾಲು ಹೋಗುವುದು ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಜಿಲ್ಲೆಗೆ ಸೇರಿದ ಶಿಮುಲ್ ಒಕ್ಕೂಟಕ್ಕೆ. ಬೆಳಗಿನ ಜಾವ ಸಂಘದ ಮುಂದೆ ನಿಂತು ನೋಡಿ. ಸ್ಟೀಲಿನ ಕ್ಯಾನು, ಪ್ಲಾಸ್ಟಿಕ್ ಬಿಂದಿಗೆ, ಹಳೆಯ ಎಣ್ಣೆ ಡಬ್ಬಿ, ಒಂದೊಂದಕ್ಕೂ ಒಂದೊಂದು ನಂಬರು. ಕಾರ್ಯದರ್ಶಿ ಚಮಚದಷ್ಟು ಹಾಲು ತೆಗೆದು ಯಂತ್ರದ ಕೊಳವೆಗೆ ಇಡುತ್ತಾನೆ, ಫ್ಯಾಟು, ಡಿಗ್ರಿ ಎರಡೂ ಪರದೆಯ ಮೇಲೆ ಮೂಡುತ್ತವೆ, ಚೀಟಿ ಕಿರ್ರೆಂದು ಹೊರಬೀಳುತ್ತದೆ. ಹೆಂಗಸರು ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತಾರೆ. ಬಟವಾಡೆ ಬಂದಾಗ ದುಡ್ಡು ಗಂಡನ ಕಿಸೆಗೆ ಹೋಗದೆ ಆಕೆಯ ಖಾತೆಗೇ ಬೀಳುವ ಮನೆಗಳಿವೆ. ನೂರು ಸಭೆ ಮಾಡಿದರೂ ಆಗದ ಕೆಲಸವನ್ನು ಈ ಚೀಟಿ ಮಾಡಿದೆ. ಡೈರಿ ಬಂದು ಊರ ಹಾಲು ಒಯ್ದಿತು ಎಂದು ದೂರುವವರು ಇದನ್ನೂ ನೋಡಬೇಕು.

ಆದರೂ ಒಯ್ದದ್ದು ಹೌದು. ಮುಂಚೆ ಊರಿನಲ್ಲಿ 'ವರ್ತನೆ' ಇತ್ತು. ಇಂಥ ಮನೆಗೆ ಬೆಳಿಗ್ಗೆ ಪಾವು, ಇಂಥವರಿಗೆ ಸಂಜೆ ಅರ್ಧ ಸೇರು, ಲೆಕ್ಕ ಗೋಡೆಯ ಮೇಲೆ ಸುಣ್ಣದ ಗೀಟು, ತಿಂಗಳಿಗೊಮ್ಮೆ ದುಡ್ಡೋ ಜೋಳವೋ. ದೀಪ ಹಚ್ಚಿದ ಮೇಲೆ ಹಾಲು ಮನೆಯಿಂದ ಹೊರಗೆ ಹೋಗಬಾರದು, ಮಂಗಳವಾರ ಶುಕ್ರವಾರ ಕೊಡಬಾರದು ಎಂಬ ಮನೆ ಮನೆಯ ನಿಯಮ. ದೃಷ್ಟಿಯಾಗದಿರಲೆಂದು ತಂಬಿಗೆಯಲ್ಲಿ ಒಂದು ಇದ್ದಿಲ ಚೂರು. ಪಾತ್ರೆ ವಾಪಸು ಬರುವಾಗ ಬರಿದಾಗಿ ಬರಬಾರದು, ಒಂದು ಹಿಡಿ ಕಾಳೋ ಬೆಲ್ಲದ ತುಂಡೋ ಇರಬೇಕು. 2008ರಲ್ಲಿ ರಾಜ್ಯ ಸರ್ಕಾರ ಸಂಘಕ್ಕೆ ಹಾಕಿದ ಹಾಲಿಗೆ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಕೊಡಲು ಶುರು ಮಾಡಿತು, 2013ರಲ್ಲಿ ಅದು 4 ಆಯಿತು, ಮುಂದೆ 5 ಆಯಿತು. ಈ ದುಡ್ಡು ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ, ಪಕ್ಕದ ಮನೆಗೆ ಅಳೆದ ಪಾವಿಗಿಲ್ಲ. ಯಾವ ಮನೆಯಾಕೆ ತಾನೆ ನಷ್ಟದ ವ್ಯಾಪಾರ ಮಾಡಿಯಾಳು? ವರ್ತನೆ ಹೀಗೆ ಯಾರೂ ನಿಲ್ಲಿಸದೆ ನಿಂತಿತು. ಹಾಲು ಕರೆದ ಮನೆಯ ಮಗುವೇ 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯದ ಪುಡಿ ಹಾಲನ್ನು ಶಾಲೆಯಲ್ಲಿ ಕುಡಿಯುತ್ತದೆ.

ಈಗ ಕಾಯ್ದೆ. ಹಸಿ ಹಾಲು ಮಾರುವುದು ನಮ್ಮ ದೇಶದಲ್ಲಿ ಅಪರಾಧವಲ್ಲ. ಆದರೆ 2006ರ ಆಹಾರ ಸುರಕ್ಷತಾ ಕಾಯ್ದೆಯ ಕೆಳಗೆ 2011ರಲ್ಲಿ ಜಾರಿಗೆ ಬಂದ ನಿಯಮಗಳ ಪ್ರಕಾರ ಆಹಾರದ ವ್ಯವಹಾರ ಮಾಡುವವರೆಲ್ಲ ನೋಂದಣಿ ಮಾಡಿಸಬೇಕು. ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಇದರಲ್ಲಿ ಹಾಲಿನವರಿಗೊಂದು ವಿನಾಯಿತಿ ಇದೆ. ಸಹಕಾರ ಸಂಘದ ಸದಸ್ಯರಾಗಿದ್ದು ತಮ್ಮ ಅಷ್ಟೂ ಹಾಲನ್ನು ಸಂಘಕ್ಕೇ ಹಾಕುವವರಿಗೆ ನೋಂದಣಿ ಬೇಕಿಲ್ಲ. 'ಅಷ್ಟೂ' ಎಂಬಲ್ಲೇ ಗಂಟು. ಒಂಬತ್ತು ಲೀಟರ್ ಸಂಘಕ್ಕೆ ಹಾಕಿ ಒಂದು ಲೀಟರನ್ನು ಎದುರು ಮನೆಗೆ ಮಾರಿದಾಕೆ, ಅಕ್ಷರಕ್ಕೆ ಅಕ್ಷರ ಹಿಡಿದು ಓದಿದರೆ, ವಿನಾಯಿತಿಯಿಂದ ಹೊರಗೆ ಬೀಳುತ್ತಾಳೆ. ಕಾಯ್ದೆ ಯಾರ ಮೇಲೂ ಕೋಲೆತ್ತಿಲ್ಲದಿರಬಹುದು, ಅದು ಯಾರ ಕಡೆ ವಾಲಿದೆ ಎಂಬುದು ಮಾತ್ರ ಕಾಣುತ್ತದೆ. 1992ರ ಹಾಲು ಉತ್ಪನ್ನ ಆದೇಶ ಡೈರಿಗಳಿಗೆ ಹಾಲು ಕೊಳ್ಳುವ ಸೀಮೆಯ ಗೆರೆ ಎಳೆದುಕೊಟ್ಟಿತ್ತು, 2002ರಲ್ಲಿ ಆ ಗೆರೆ ಅಳಿಸಿದರು. ದೊಡ್ಡವರ ಗೆರೆ ಅಳಿಸಿತು, ಸಣ್ಣವರಿಗೆ ಹೊಸ ಗೆರೆ ಬಂತು.

ಹೊರದೇಶಗಳಿಗೆ ಹೋಲಿಸಿದರೆ ನಮ್ಮದು ಬಲು ಸಡಿಲ. ಸ್ಕಾಟ್ಲೆಂಡಿನಲ್ಲಿ 1983ರಿಂದ, ಕೆನಡಾದಲ್ಲಿ 1991ರಿಂದ ಹಸಿ ಹಾಲು ಮಾರುವಂತೆಯೇ ಇಲ್ಲ. ಅಮೆರಿಕದಲ್ಲಿ 1987ರಿಂದ ಒಂದು ರಾಜ್ಯದ ಹಸಿ ಹಾಲು ಮಾರಾಟಕ್ಕೆಂದು ಇನ್ನೊಂದು ರಾಜ್ಯಕ್ಕೆ ಹೋಗುವಂತಿಲ್ಲ, ರಾಜ್ಯದೊಳಗೆ ಅವರವರ ನಿಯಮ. ಅಲ್ಲಿಯ ಜನ ಒಂದು ಉಪಾಯ ಕಂಡುಕೊಂಡರು. ಹಾಲು ಕೊಳ್ಳುವಂತಿಲ್ಲ ತಾನೆ, ಹಸುವಿನಲ್ಲೇ ಪಾಲು ಕೊಳ್ಳೋಣ, ನಮ್ಮ ಹಸುವಿನ ಹಾಲು ನಾವು ಕುಡಿದರೆ ಕೇಳುವವರಾರು ಎಂದರು. ಕೆನಡಾದ ಒಂಟಾರಿಯೊದಲ್ಲಿ ಮೈಕೆಲ್ ಶ್ಮಿಟ್ ಎಂಬ ರೈತನ ತೋಟಕ್ಕೆ 2006ರಲ್ಲಿ ಅಧಿಕಾರಿಗಳು ದಾಳಿಯಿಟ್ಟರು, ಆತ ವರ್ಷಾನುಗಟ್ಟಲೆ ಕೋರ್ಟು ಅಲೆದ. ನಮ್ಮ ಹಳ್ಳಿಗರಿಗೆ ಇದು ಕೇಳಿದರೆ ನಗು ಬರಬಹುದು. ಕಡಸನ್ನು ಪಾಲಿಗೆ ಕೊಡುವುದು, ಸಾಕಿದವನಿಗೆ ಹಾಲು, ಹುಟ್ಟಿದ ಕರುವಿನಲ್ಲಿ ಇಬ್ಬರಿಗೂ ಪಾಲು ಎಂಬ ಏರ್ಪಾಡು ಇಲ್ಲಿ ಯಾವ ಕಾಯ್ದೆಗೂ ಹೆದರದೆ, ಬರೀ ಬಡತನಕ್ಕೆ ಹೆದರಿ ಹುಟ್ಟಿದ್ದು.

ಆ ದೇಶಗಳು ಹುಚ್ಚು ಹಿಡಿದು ನಿಷೇಧ ಹೇರಲಿಲ್ಲ. ನೊರೆಹಾಲಿನ ಆಸೆಯ ಬೆಂಗಳೂರಿಗನಿಗೆ ನಾನು ಹೇಳಬೇಕಾದ ಮಾತು ಇದು. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ ಸಿಪಾಯಿಗಳನ್ನು ಕಾಡುತ್ತಿದ್ದ ಜ್ವರದ ರೋಗಾಣುವನ್ನು ಹಿಡಿದ. ಅದು ಬರುವುದು ಎಲ್ಲಿಂದ ಎಂಬುದು ತಿಳಿಯಲು 1905 ಬರಬೇಕಾಯಿತು. ಆ ದ್ವೀಪದವನೇ ಆದ ಥೆಮಿಸ್ಟೊಕ್ಲಿಸ್ ಜಮಿತ್, ನೋಡಲು ಗಟ್ಟಿಮುಟ್ಟಾಗಿದ್ದ ಮೇಕೆಗಳ ಹಾಲಿನಲ್ಲೇ ಅದಿದೆ ಎಂದು ತೋರಿಸಿದ. ಬ್ರುಸೆಲ್ಲೋಸಿಸ್ ಎಂದು ಇವತ್ತು ಕರೆಯುವ ಈ ರೋಗ ನಮ್ಮ ದನಗಾಹಿಗಳಿಗೆ ಬೇರೆ ಹೆಸರಿನಲ್ಲಿ ಪರಿಚಿತ. ಹಸು 'ಕಂದು ಹಾಕಿತು' ಎನ್ನುತ್ತೇವಲ್ಲ, ದಿನ ತುಂಬುವ ಮೊದಲೇ ಕರು ಹೋಗುವುದಕ್ಕೆ ಒಂದು ಮುಖ್ಯ ಕಾರಣ ಇದೇ ರೋಗಾಣು. ಮನುಷ್ಯರಿಗೆ ಹತ್ತಿದರೆ ಬಂದು ಹೋಗುವ ಜ್ವರ, ಬೆವರು, ಕೀಲುನೋವು, ತಿಂಗಳುಗಟ್ಟಲೆ ಸುಸ್ತು. ಹಸಿ ಹಾಲಿನಿಂದ ಹತ್ತುತ್ತದೆ, ಬರಿಗೈಯಲ್ಲಿ ಮಾಸು ತೆಗೆದರೂ ಹತ್ತುತ್ತದೆ. ಕೂಸಿಗೆ ಮೇಕೆ ಹಾಲು ಹಸಿಯಾಗಿ ಕುಡಿಸುವ ಅಜ್ಜಿಗೂ, ಕಾಮಾಲೆಗೆ ಹಸಿ ಹಾಲು ಬರೆದುಕೊಡುವ ನಾಟಿ ವೈದ್ಯರಿಗೂ ಇದನ್ನು ಯಾರಾದರೂ ಕುಳಿತು ಹೇಳಬೇಕು. ಒಂದು ಉಕ್ಕು ಬರುವಷ್ಟು ಕಾಯಿಸಿದರೆ ಈ ರೋಗಾಣುವೂ ಕ್ಷಯದ ರೋಗಾಣುವೂ ಸಾಯುತ್ತವೆ. ಕನ್ನಡ ನಾಡಿನ ಅಡುಗೆಮನೆಗಳಲ್ಲಿ ಹಾಲು ತಂದೊಡನೆ ಕಾಯಿಸುವ ರೂಢಿ ಲೂಯಿ ಪಾಶ್ಚರ್ ಹುಟ್ಟುವ ಮೊದಲಿನದು, ಹಸಿ ಹಾಲು ನಿಷೇಧಿಸದೆಯೂ ನಾವು ಉಳಿದುಕೊಂಡದ್ದು ಬಹುಪಾಲು ಆ ರೂಢಿಯಿಂದ. ಈಗ ಆರೋಗ್ಯದ ಹೆಸರಿನಲ್ಲಿ ಅದನ್ನೇ ಬಿಡುತ್ತೇನೆಂದರೆ ಏನು ಹೇಳುವುದು?

ಕಾಯಿಸಿದರೂ ಹೋಗದ ಒಂದು ಕೇಡಿದೆ, ಅದು ನಮ್ಮ ಚಳ್ಳಕೆರೆಗೆ ತೀರ ಹತ್ತಿರದ್ದು. ಚಳ್ಳಕೆರೆ ಎಣ್ಣೆ ನಗರಿ. ಊರಿನ ಬದುಕೇ ಶೇಂಗಾ. ಎಣ್ಣೆ ತೆಗೆದು ಉಳಿದ ಹಿಂಡಿ ದನದ ಬಾಯಿಗೆ. ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ, ಅಥವಾ ಕಿತ್ತ ಮೇಲೆ ಸರಿಯಾಗಿ ಒಣಗದಿದ್ದರೆ, ಅದಕ್ಕೆ ಒಂದು ಬೂಷ್ಟು ಹತ್ತುತ್ತದೆ. ಆ ಬೂಷ್ಟು ಬಿಡುವ ವಿಷ ಅಫ್ಲಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಸಾವಿರಾರು ಟರ್ಕಿ ಕೋಳಿಗಳು ಸತ್ತು ಬಿದ್ದಾಗ ಹುಡುಕಿದರೆ, ಅವು ತಿಂದ ಬ್ರೆಜಿಲಿನ ಶೇಂಗಾ ಹಿಂಡಿಯಲ್ಲಿ ಇದು ಸಿಕ್ಕಿತು. ಹಸು ಬೂಷ್ಟು ಹಿಂಡಿ ತಿಂದರೆ ವಿಷದ ಒಂದು ಪಾಲು ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಕುದಿಸಿದರೂ ಹೋಗದು, ಡೈರಿಯ ಯಂತ್ರಕ್ಕೂ ಬಗ್ಗದು.

2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ದೇಶದ 1,103 ಪಟ್ಟಣಗಳಿಂದ 6,432 ಹಾಲಿನ ಮಾದರಿ ತೆಗೆದು ಪರೀಕ್ಷಿಸಿತು. ನಾವೆಲ್ಲ ಹೆದರುವ ಯೂರಿಯಾ, ಸೋಪಿನಪುಡಿಯಂಥ ಬೆರಕೆ ಸಿಕ್ಕಿದ್ದು 12ರಲ್ಲಿ ಮಾತ್ರ. ಈ ಬೂಷ್ಟು ವಿಷ ಮಿತಿ ಮೀರಿದ್ದು ನೂರಕ್ಕೆ 5.7ರಲ್ಲಿ, ಅದರಲ್ಲೂ ಹಸಿ ಹಾಲಿಗಿಂತ ಪ್ಯಾಕೆಟ್ ಹಾಲಿನಲ್ಲೇ ಜಾಸ್ತಿ. ಹಾಗಾಗಿ ಪ್ಯಾಕೆಟ್ಟೆಂದರೆ ಶುದ್ಧ, ಹಟ್ಟಿಯದೆಂದರೆ ಕೊಳಕು ಎಂಬ ಮಾತು ನಿಲ್ಲುವುದಿಲ್ಲ. ಹಟ್ಟಿಯದೆಂದರೆ ಅಮೃತ ಎಂಬ ಮಾತೂ ನಿಲ್ಲುವುದಿಲ್ಲ. ಹಸು ಏನು ತಿಂದಿತು ಎಂಬುದೇ ದೊಡ್ಡ ಪ್ರಶ್ನೆ, ಆ ಪ್ರಶ್ನೆ ಕೇಳಲು ಹಸುವಿನ ಮನೆ ಗೊತ್ತಿರಬೇಕು. ಪ್ಯಾಕೆಟ್ಟಿನ ಹಾಲು ಎಷ್ಟು ಮನೆಯ ಎಷ್ಟು ಹಸುವಿನದೋ, ಯಾರನ್ನು ಕೇಳುವುದು? ಹಸಿ ಹಾಲಿನ ಪರವಾಗಿ ನನಗೆ ಕಾಣುವ ಗಟ್ಟಿ ವಾದ ಇದೊಂದೇ. ಪೌಷ್ಟಿಕಾಂಶದ ವಾದಗಳಲ್ಲಿ ನನಗೆ ನಂಬಿಕೆಯಿಲ್ಲ.

ಹಾಗಾದರೆ ಅರ್ಧ ಲೀಟರ್ ಎಲ್ಲಿ ಸಿಗುತ್ತದೆ? ಬಹಳ ಮಂದಿಗೆ ಹೊಳೆಯದ ಜಾಗ ಸಂಘವೇ. ಹಾಲು ಒಕ್ಕೂಟಕ್ಕೆ ಹೋಗುವ ಮುನ್ನ ಊರಿನವರಿಗೆ ಬಿಡಿಯಾಗಿ ಮಾರುವ 'ಲೋಕಲ್ ಸೇಲ್' ಹಳ್ಳಿಯ ಸಂಘಗಳಲ್ಲಿ ಇರುತ್ತದೆ. ಹಾಲು ಅಳೆಯುವ ಹೊತ್ತಿಗೆ ಪಾತ್ರೆ ಹಿಡಿದು ಹೋದರೆ ಕಾಯಿಸದ ಹಾಲು, ಫ್ಯಾಟು ನೋಡಿದ ಹಾಲು, ನ್ಯಾಯವಾದ ಬೆಲೆಗೆ ಸಿಗುತ್ತದೆ. ಸಂಘಗಳವರು ಇದರ ಹೊತ್ತನ್ನೂ ದರವನ್ನೂ ಬಾಗಿಲ ಮೇಲೊಂದು ಹಲಗೆಯಲ್ಲಿ ಬರೆದು ಹಾಕಿದರೆ ಹಬ್ಬದ ಹಿಂದಿನ ದಿನ ಜನ ಅಲೆಯುವುದು ತಪ್ಪೀತು. ಆಹಾರ ಸುರಕ್ಷತಾ ಇಲಾಖೆಯವರೂ ನೋಂದಣಿಯ ಕಾಗದ ಪತ್ರಕ್ಕೆ ಜನರನ್ನು ಜಿಲ್ಲಾ ಕೇಂದ್ರಕ್ಕೆ ಓಡಿಸುವ ಬದಲು, ಹಾಲು ಅಳೆಯುವ ಬೆಳಗಿನಲ್ಲೇ ಸಂಘದ ಮುಂದೆ ಮೇಜು ಹಾಕಿ ಕುಳಿತರೆ ಎದುರು ಮನೆಗೆ ಒಂದು ಲೀಟರ್ ಮಾರುವಾಕೆ ನೂರು ರೂಪಾಯಿಯಲ್ಲಿ ಕಾಯ್ದೆಯೊಳಗೆ ಬರುತ್ತಾಳೆ.

ಇಲ್ಲವಾದರೆ ವರ್ತನೆಯನ್ನೇ ಮತ್ತೆ ಹಿಡಿಯಬೇಕು. ನಾಲ್ಕು ಮನೆ ಸೇರಿ ಒಬ್ಬ ಹೆಣ್ಣುಮಗಳಿಗೆ, ಸಂಘ ಕೊಡುವ ದರ ಮತ್ತು ಪ್ರೋತ್ಸಾಹಧನ ಎರಡನ್ನೂ ಕೂಡಿಸಿ ಅದಕ್ಕಿಂತ ಒಂದೆರಡು ರೂಪಾಯಿ ಹೆಚ್ಚು ಕೊಡುತ್ತೇವೆಂದು ಮಾತು ಕೊಟ್ಟರೆ ಹಾಲು ಊರಲ್ಲೇ ನಿಲ್ಲುತ್ತದೆ. ಚೌಕಾಸಿ ಮಾಡುವವರಿಗೆ ಹಸಿ ಹಾಲು ಸಿಗುವುದಿಲ್ಲ, ಸಿಗಲೂಬಾರದು. ದೇವರ ದನದ ಹಾಲನ್ನು ಮಾತ್ರ ದುಡ್ಡು ತೋರಿಸಿ ಕೇಳಬೇಡಿ. ಬರದ ವರ್ಷ ಒಂದು ಹೊರೆ ಮೇವನ್ನು ರೊಪ್ಪಕ್ಕೆ ಹಾಕಿಸಿದವರನ್ನು ಕಿಲಾರಿಗಳು ಮರೆಯುವುದಿಲ್ಲ, ಆದರೆ ಹಾಲಿನ ಲೆಕ್ಕ ಇಟ್ಟುಕೊಂಡು ಮೇವು ಹಾಕಿಸುವುದಾದರೆ ಅದೂ ಬೇಡ.

ಮನೆಗೆ ಹೋಗಿ ಹಾಲು ಕೊಳ್ಳುವವರು ಮೂರು ವಿಷಯ ನೋಡಿ. ಹಸುವಿನ ಕಿವಿಯಲ್ಲಿ ಹಳದಿ ಬಿಲ್ಲೆಯ ಮೇಲೆ 12 ಅಂಕಿ ಇರುತ್ತದೆ, ಆ ಸಂಖ್ಯೆಯ ಮೇಲೆಯೇ ಪಶು ಆಸ್ಪತ್ರೆಯವರು ಲಸಿಕೆಯ ಲೆಕ್ಕ ಇಡುತ್ತಾರೆ. ಕಂದು ರೋಗದ ಲಸಿಕೆ ಹೆಣ್ಣುಗರುವಿಗೆ 4ರಿಂದ 8 ತಿಂಗಳೊಳಗೆ, ಜೀವಮಾನದಲ್ಲಿ ಒಮ್ಮೆ. 2019ರ ಸೆಪ್ಟೆಂಬರಿನಿಂದ ಕೇಂದ್ರದ ಯೋಜನೆಯಲ್ಲಿ ಹಾಕುತ್ತಿದ್ದಾರೆ, ಹಾಕಿಸಿದ್ದೀರಾ ಎಂದು ಕೇಳಿ. ಆ ಹಟ್ಟಿಯಲ್ಲಿ ಈಚೆಗೆ ಯಾವುದಾದರೂ ಕಂದು ಹಾಕಿತ್ತೇ ಎಂದು ಕೇಳಿ, ಹಾಕಿದ್ದರೆ 1962ಕ್ಕೆ ಫೋನು ಮಾಡಿದರೆ ಪಶು ವೈದ್ಯರ ಗಾಡಿ ಬರುತ್ತದೆ ಎಂದು ಅವರಿಗೆ ತಿಳಿಸಿ. ಹಿಂಡಿಯ ಚೀಲದ ಬಾಯಿ ಬಿಚ್ಚಿಸಿ ಮೂಸಿ, ಮುಗ್ಗು ವಾಸನೆ ಬಂದರೆ ಹಾಲು ಬೇಡವೆನ್ನಿ, ಕಾರಣವನ್ನೂ ಹೇಳಿ. ಇಷ್ಟೆಲ್ಲ ವಿಚಾರಿಸಿ ತಂದ ಹಾಲಿನಲ್ಲಿ ನಾಗಪ್ಪನ ಪಾಲು ಬೇರೆ ತೆಗೆದಿಟ್ಟು, ಮನೆಯವರ ಪಾಲನ್ನು ಉಕ್ಕು ಬರುವವರೆಗೆ ಕಾಯಿಸಿಯೇ ಕುಡಿಯಿರಿ.